ರಕ್ಷಣಾ ವೆಚ್ಚ ಎಷ್ಟಿರಬೇಕು? ನಿವೃತ್ತ ಲೆಕ್ಕಾಧಿಕಾರಿಗಳೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಎಲ್ಲರಿಗೂ ಶರಣು. ರಕ್ಷಣಾ ಲೆಕ್ಕಪತ್ರ ಇಲಾಖೆಯಲ್ಲಿ ಸೇವೆ ಸಲ್ಲಿಸಿ ಈಗ ಬೀದರಿನಲ್ಲಿ ನೆಲೆಸಿರುವ ನಮ್ಮ ಬಳಗದ ಹಿರಿಯರು, ದೇಶದ ಸೇನಾ ವೆಚ್ಚದ ಕುರಿತ ಪ್ರಶ್ನೆಗಳಿಗೆ ಇಂದು ಉತ್ತರಿಸಲು ಒಪ್ಪಿದ್ದಾರೆ. ಯಾರೂ ವಿಷಯ ಬಿಟ್ಟು ಹೋಗಬಾರದೆಂದು ವಿನಂತಿ.

ವಿದ್ಯಾರ್ಥಿ, ಸೇಡಂ: ಸರ್, ರಕ್ಷಣಾ ವೆಚ್ಚವನ್ನು ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ. 3ಕ್ಕೆ ಏರಿಸಬೇಕೆಂದು ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನಾನು ವಾದಿಸಬೇಕಾಗಿದೆ. ಈಗ ಎಷ್ಟಿದೆ, ನಿಜಕ್ಕೂ ಎಷ್ಟಿರಬೇಕು?

ಉತ್ತರ: 2025-26ರ ಬಜೆಟ್‌ನಲ್ಲಿ ರಕ್ಷಣಾ ಸಚಿವಾಲಯಕ್ಕೆ 6.81 ಲಕ್ಷ ಕೋಟಿ ರೂಪಾಯಿ ಇಡಲಾಗಿತ್ತು. ಅದು ಕೇಂದ್ರದ ಒಟ್ಟು ವೆಚ್ಚದ ಶೇ. 13.45, ಜಿಡಿಪಿಯ ಸುಮಾರು ಶೇ. 1.9 ಆಗಿತ್ತು. ಶೇ. 3 ಎಂದರೆ ಹತ್ತೂವರೆ ಲಕ್ಷ ಕೋಟಿಯನ್ನು ದಾಟುತ್ತದೆ. ಅಂದರೆ ಹೆಚ್ಚುವರಿಯಾಗಿ ಬೇಕಾಗುವ ಹಣವೇ ಅದೇ ಬಜೆಟ್‌ನಲ್ಲಿ ಶಿಕ್ಷಣಕ್ಕೂ ಆರೋಗ್ಯಕ್ಕೂ ಸೇರಿಸಿ ಇಟ್ಟ ಮೊತ್ತಕ್ಕಿಂತ ಹೆಚ್ಚು. ನೀನು ಪರವಾಗಿಯೇ ವಾದಿಸು ತಮ್ಮಾ, ಆದರೆ ಆ ಹಣ ತೆರಿಗೆಯಿಂದ ಬರಬೇಕೋ ಸಾಲದಿಂದ ಬರಬೇಕೋ ಎಂಬುದನ್ನು ವೇದಿಕೆಯ ಮೇಲೆಯೇ ಹೇಳು, ಏಕೆಂದರೆ ಆ ವರ್ಷ ಕೇಂದ್ರವು 15.69 ಲಕ್ಷ ಕೋಟಿಯ ವಿತ್ತೀಯ ಕೊರತೆಯನ್ನು, ಅಂದರೆ ಸಾಲದಿಂದ ತುಂಬಬೇಕಾದ ಅಂತರವನ್ನು, ಅಂದಾಜಿಸಿ, ಬಡ್ಡಿಗೇ 12.76 ಲಕ್ಷ ಕೋಟಿ ಎತ್ತಿಟ್ಟಿತ್ತು.

ಎಷ್ಟಿರಬೇಕು ಎಂಬುದಕ್ಕೆ ನಾನು ಸಂಖ್ಯೆ ಕೊಡುವುದಿಲ್ಲ. ಶೇಕಡಾವಾರು ಲೆಕ್ಕವು ದೇಶ ಹೊತ್ತಿರುವ ಭಾರವನ್ನು ತಿಳಿಸುತ್ತದೆಯೇ ಹೊರತು ದೇಶ ಎಷ್ಟು ಸುರಕ್ಷಿತವಾಗಿದೆ ಎಂಬುದನ್ನಲ್ಲ. ಅಮೆರಿಕದ ಆಸರೆಯಿದ್ದ ಜಪಾನ್ 1976ರಲ್ಲಿ ಶೇ. 1ರ ಮಿತಿ ಹಾಕಿಕೊಂಡಿತ್ತು. ಸುತ್ತಲಿನ ಪರಿಸ್ಥಿತಿ ಬದಲಾದಾಗ, 2022ರಲ್ಲಿ, ಶೇ. 2ಕ್ಕೆ ಏರಿಸಲು ನಿರ್ಧರಿಸಿತು. ನ್ಯಾಟೊ ಕೂಟ 2014ರಲ್ಲಿ ಶೇ. 2 ಎಂದಿತು, 2025ರಲ್ಲಿ 2035ರೊಳಗೆ ಶೇ. 5 ಎಂದಿತು. ಇವು ಮಿತ್ರರಾಷ್ಟ್ರಗಳು ಹೊರೆ ಹಂಚಿಕೊಳ್ಳಲು ಮಾಡಿಕೊಂಡ ರಾಜಕೀಯ ಒಪ್ಪಂದಗಳು. ನಮ್ಮ ಗಡಿಗೆ ಅವು ಅಳತೆಗೋಲಾಗಲಾರವು.

ಸದಸ್ಯರು, ಹುಮನಾಬಾದ್: ಚೀನಾ ನಮ್ಮ ಮೂರು ಪಟ್ಟಿಗೂ ಮಿಗಿಲಾಗಿ ಖರ್ಚು ಮಾಡುತ್ತಿರುವಾಗ ನಾವು ಬಡ್ಡಿಯ ಲೆಕ್ಕ ಹಾಕುತ್ತ ಕೂತರೆ 1962 ಮರುಕಳಿಸುವುದಿಲ್ಲವೇ?

ಉತ್ತರ: ಅಂತರ ನಿಜ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿಯ ಅಂದಾಜಿನಂತೆ 2024ರಲ್ಲಿ ಚೀನಾ ಸುಮಾರು 314 ಶತಕೋಟಿ ಡಾಲರ್, ಭಾರತ ಸುಮಾರು 86 ಶತಕೋಟಿ ಡಾಲರ್ ಖರ್ಚು ಮಾಡಿವೆ. ಆದರೆ ಅದೇ ಅಂದಾಜಿನಲ್ಲಿ ಚೀನಾದ ವೆಚ್ಚ ಅದರ ಜಿಡಿಪಿಯ ಶೇ. 1.7 ಮಾತ್ರ, ನಮ್ಮದು ಶೇ. 2.3 (ಸಿಪ್ರಿಯ ಲೆಕ್ಕದ ಕ್ರಮ ಬೇರೆಯಾದ್ದರಿಂದ ಇದು ಮೇಲೆ ಹೇಳಿದ ಶೇ. 1.9ಕ್ಕೆ ಹೊಂದುವುದಿಲ್ಲ). ಅಲ್ಲಿ ದೊಡ್ಡದಾಗಿರುವುದು ಆರ್ಥಿಕತೆ. ನಾವು ಶೇ. 5 ಕೊಟ್ಟರೂ ಆ ಮೊತ್ತವನ್ನು ಮುಟ್ಟಲಾರೆವು. 1962ರ ಪಾಠವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಚಳಿಯ ಬಟ್ಟೆಯಿಲ್ಲದೆ ಹಿಮಾಲಯಕ್ಕೆ ಹೋದ ಸೈನಿಕರ ನೆನಪು ನಮ್ಮ ಇಲಾಖೆಯಲ್ಲಿ ಎಂದೂ ಮಾಸಿರಲಿಲ್ಲ.

ಸದಸ್ಯರು, ಚಿಂಚೋಳಿ: (ಬಂದ ಸಂದೇಶವನ್ನು ಹಂಚಿಕೊಂಡು) "ಸೇನೆಯ ಆಧುನೀಕರಣಕ್ಕಾಗಿ ಸರ್ಕಾರ ಬ್ಯಾಂಕ್ ಖಾತೆ ತೆರೆದಿದೆ. ದಿನಕ್ಕೆ ಒಂದು ರೂಪಾಯಿ ಹಾಕಿದರೆ ವರ್ಷಕ್ಕೆ 36,000 ಕೋಟಿಯಾಗುತ್ತದೆ, ಎಲ್ಲರಿಗೂ ಕಳುಹಿಸಿ." ಇದನ್ನು ನಾವೆಲ್ಲ ಮಾಡಬಹುದಲ್ಲವೇ ಸರ್?

ಉತ್ತರ: ದಯವಿಟ್ಟು ಆ ಖಾತೆಗೆ ಒಂದು ಪೈಸೆಯನ್ನೂ ಹಾಕಬೇಡಿ. ಶಸ್ತ್ರಾಸ್ತ್ರ ಖರೀದಿಗೆ ಜನರಿಂದ ರೂಪಾಯಿ ಎತ್ತುವ ಯೋಜನೆ ಇಲ್ಲವೆಂದು ಸರ್ಕಾರವೇ ಹಲವು ಬಾರಿ ಸ್ಪಷ್ಟಪಡಿಸಿದೆ. ಕೊಡುವ ಮನಸ್ಸಿದ್ದರೆ ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿ ಇದೆ; ಅದು ಮಾಜಿ ಸೈನಿಕರ ಮತ್ತು ಹುತಾತ್ಮರ ಕುಟುಂಬಗಳ ನೆರವಿಗಾಗಿ, ತೋಪು ಕೊಳ್ಳುವುದಕ್ಕಲ್ಲ. ಇನ್ನು ಆ 36,000 ಕೋಟಿಯ ವಿಚಾರ: 2025-26ರ ಬಜೆಟ್‌ನಂತೆ ದೇಶದ ರಕ್ಷಣಾ ವೆಚ್ಚ ದಿನಕ್ಕೆ ಸುಮಾರು 1,866 ಕೋಟಿ. ವರ್ಷವಿಡೀ ಕೂಡಿಸಿದ ಹಣ ಇಪ್ಪತ್ತು ದಿನಕ್ಕೆ ಮುಗಿಯುತ್ತದೆ.

ರೈತರು, ಯಾದಗಿರಿ: ದಿನಕ್ಕೆ 1,866 ಕೋಟಿ ಎಂದಿರಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಏಳು ಜಿಲ್ಲೆಗಳ ಪಾಲಿಗೆ ವರ್ಷಕ್ಕೆ 5,000 ಕೋಟಿ. ಅಂದರೆ ನಮ್ಮ ಇಡೀ ವರ್ಷದ ಅಭಿವೃದ್ಧಿ ದೇಶದ ಮೂರು ದಿನದ ಸೇನಾ ವೆಚ್ಚಕ್ಕೂ ಸಮನಲ್ಲ. ತೊಗರಿಗೆ ಬೆಲೆಯಿಲ್ಲ, ಶಾಲೆಗೆ ಶಿಕ್ಷಕರಿಲ್ಲ. ಒಂದು ಯುದ್ಧವಿಮಾನ ಕಡಿಮೆ ಕೊಂಡರೆ ದೇಶ ಮುಳುಗುತ್ತದೆಯೇ?

ಸದಸ್ಯರು, ಹುಮನಾಬಾದ್: 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗಕ್ಕೆ ಸೈನ್ಯ ಬಾರದೇ ಇದ್ದಿದ್ದರೆ ನೀವು ಇಂದು ತೊಗರಿಯ ಬೆಲೆ ಕೇಳುವುದಕ್ಕೆ ಭಾರತದಲ್ಲಿಯೇ ಇರುತ್ತಿರಲಿಲ್ಲ. ಸೇನೆಯ ಋಣ ನಮ್ಮ ಭಾಗಕ್ಕೆ ಇರುವಷ್ಟು ಇನ್ನಾರಿಗೂ ಇಲ್ಲ.

ರೈತರು, ಯಾದಗಿರಿ: ನಿಜಾಮನ ಪರ ನಿಂತ ರಜಾಕಾರರ ಹಾವಳಿಗೆ ಊರು ಬಿಟ್ಟು ಓಡಿದವರಲ್ಲಿ ನನ್ನ ಅಜ್ಜನೂ ಒಬ್ಬರು. ಆ ನೋವನ್ನು ತೋರಿಸಿ ನನ್ನ ಬಾಯಿ ಮುಚ್ಚಿಸಬೇಡಿ. ಲೆಕ್ಕ ಕೇಳುವವನು ದೇಶದ್ರೋಹಿಯಲ್ಲ.

ಸದಸ್ಯರು, ಹುಮನಾಬಾದ್: ದೇಶದ್ರೋಹಿ ಎಂದು ನಾನು ಎಲ್ಲಿ ಅಂದೆ? ಅನ್ನದ ಮಾತನ್ನು ನನ್ನ ಬಾಯಿಗೆ ತುರುಕಬೇಡಿ.

ಅಧ್ಯಾಪಕಿ, ಆಳಂದ: ಇಬ್ಬರೂ ಸಾಹೇಬರ ಸಮಯ ಹಾಳು ಮಾಡುತ್ತಿದ್ದೀರಿ.

ಉತ್ತರ: ರೈತರ ಪ್ರಶ್ನೆ ನ್ಯಾಯವಾದದ್ದು, ಅದನ್ನು ಕೇಳಬಾರದು ಎನ್ನುವವರ ಜೊತೆ ನಾನಿಲ್ಲ. ಆದರೆ ರಕ್ಷಣೆ ಕೇಂದ್ರ ಪಟ್ಟಿಯಲ್ಲಿದೆ, ಕೃಷಿ ಮತ್ತು ಸಾರ್ವಜನಿಕ ಆರೋಗ್ಯ ರಾಜ್ಯ ಪಟ್ಟಿಯಲ್ಲಿವೆ. ದೆಹಲಿಯಲ್ಲಿ ಉಳಿದ ರೂಪಾಯಿ ತಾನಾಗಿ ಯಾದಗಿರಿಯ ಶಾಲೆಗೆ ಹರಿದು ಬರುವುದಿಲ್ಲ. ಶಿಕ್ಷಕರ ಹುದ್ದೆ ತುಂಬಿಸಲು ರಾಜ್ಯ ಸರ್ಕಾರದ ಬಾಗಿಲನ್ನೇ ತಟ್ಟಬೇಕು.

ಸದಸ್ಯರು, ಔರಾದ್: ಅಣ್ವಸ್ತ್ರವಿದ್ದ ಮೇಲೆ ಇಷ್ಟು ದೊಡ್ಡ ಭೂಸೇನೆ ಏಕೆ ಬೇಕು?

ಸದಸ್ಯರು, ಬಸವಕಲ್ಯಾಣ: ಸರ್, ನನ್ನ ಕಿರಿಯ ಮಗ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆಗೆ ಅಗ್ನಿವೀರನಾಗಿ ಸೇನೆ ಸೇರಿದ್ದಾನೆ. ಪಿಂಚಣಿಯ ಹೊರೆ ಇಳಿಸಿ ಆ ಹಣದಲ್ಲಿ ಶಸ್ತ್ರಾಸ್ತ್ರ ಕೊಳ್ಳುವುದಕ್ಕಾಗಿ ಈ ಯೋಜನೆ ತಂದರೆಂದು ಊರಿನಲ್ಲಿ ಹೇಳುತ್ತಾರೆ. ನನ್ನ ಮಗನಿಗೆ ಕೊಡದೆ ಉಳಿಸುವ ಹಣ ನಿಜವಾಗಿ ಶಸ್ತ್ರಾಸ್ತ್ರಕ್ಕೆ ಹೋಗುತ್ತದೆಯೇ?

ಉತ್ತರ: ಇಂದು ಬಂದ ಪ್ರಶ್ನೆಗಳಲ್ಲಿ ನನ್ನನ್ನು ನಿಜಕ್ಕೂ ಕಾಡಿದ್ದು ಇದು, ಆದ್ದರಿಂದ ವಿವರವಾಗಿ ಬರೆಯುತ್ತೇನೆ.

2025-26ರ 6.81 ಲಕ್ಷ ಕೋಟಿಯಲ್ಲಿ ಪಿಂಚಣಿಗೆ ಇಟ್ಟದ್ದು ಸುಮಾರು 1.61 ಲಕ್ಷ ಕೋಟಿ; ಹೊಸ ವಿಮಾನ, ಹಡಗು, ಕಟ್ಟಡಗಳೆಲ್ಲ ಸೇರಿದ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಎರಡೂ ಹೆಚ್ಚುಕಡಿಮೆ ಹತ್ತಿರ ಹತ್ತಿರ ನಿಂತಿರುವುದರಿಂದಲೇ ಪಿಂಚಣಿಯನ್ನು ಹೊರೆ ಎಂದು ಕರೆಯುವ ರೂಢಿ ಬಂದಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಯೌವನವನ್ನು ಸಿಯಾಚಿನ್‌ನಲ್ಲಿ ಕಳೆದು, ನಲವತ್ತರ ಆಸುಪಾಸಿನಲ್ಲಿ, ಮಕ್ಕಳು ಶಾಲೆಯಲ್ಲಿರುವಾಗಲೇ ಮನೆಗೆ ಬರುವ ಸಿಪಾಯಿಗೆ ಪಿಂಚಣಿ ಎಂದರೆ ತಡವಾಗಿ ಕೈಸೇರುವ ಸಂಬಳ. 34 ಲಕ್ಷದಷ್ಟು ಪಿಂಚಣಿದಾರರ ಈ ಲೆಕ್ಕದಲ್ಲಿ ಡಿಪೊ, ಕಾರ್ಖಾನೆಗಳಲ್ಲಿ ದುಡಿದ ನಾಗರಿಕ ನೌಕರರೂ ಇದ್ದಾರೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಈಗ ಉಳಿತಾಯದ ಮಾತು. ಅಗ್ನಿಪಥ ಬಂದದ್ದು 2022ರ ಜೂನ್‌ನಲ್ಲಿ. ಹಳೆಯ ಕ್ರಮದಲ್ಲಿ ಸೇರಿದ್ದರೂ ಆ ಹುಡುಗರು ಪಿಂಚಣಿಗೆ ಬರುತ್ತಿದ್ದುದು ಕನಿಷ್ಠ ಹದಿನೈದು ವರ್ಷದ ಸೇವೆಯ ನಂತರ. ಹಾಗಾಗಿ ಪಿಂಚಣಿಯ ಲೆಕ್ಕದಲ್ಲಿ ಉಳಿತಾಯ ಕಾಣುವುದೇ 2037-38ರ ಸುಮಾರಿಗೆ. ಅಲ್ಲಿಯವರೆಗೆ ಈಗಾಗಲೇ ನಿವೃತ್ತರಾದವರ, ಇನ್ನು ನಿವೃತ್ತರಾಗಲಿರುವವರ ಪಿಂಚಣಿಯನ್ನು ಕೊಡಲೇಬೇಕು. ಅದರ ಜೊತೆಗೆ, ನಾಲ್ಕು ವರ್ಷ ಮುಗಿಸಿದ ಪ್ರತಿ ಅಗ್ನಿವೀರನಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷದ ಸೇವಾ ನಿಧಿಯಲ್ಲಿ ಸರ್ಕಾರದ ಅರ್ಧ ಪಾಲನ್ನೂ ತುಂಬಬೇಕು. ಈ ಉಳಿತಾಯದಿಂದ ನಾಳೆಯೇ ತೋಪು ಬರುತ್ತದೆ ಎನ್ನುವವರು ಲೆಕ್ಕ ನೋಡಿಲ್ಲ. ಮುಂದೆ ಉಳಿದರೂ ಅದನ್ನು ಶಸ್ತ್ರಾಸ್ತ್ರಕ್ಕೇ ಕೊಡಬೇಕೆಂಬ ಕಟ್ಟಳೆ ಇಲ್ಲ.

ನಿಮ್ಮ ಮಗನ ಬಗ್ಗೆ: ಪ್ರತಿ ತಂಡದಲ್ಲಿ ಶೇ. 25ರವರೆಗೆ ಮಾತ್ರ ಉಳಿಸಿಕೊಳ್ಳುತ್ತಾರೆ. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಮೀಸಲಾತಿ ಘೋಷಿಸಿದ್ದಾರೆ. ಅವನು ಸೇವೆಯಲ್ಲಿರುವಾಗಲೇ ಓದು ಮುಂದುವರಿಸಲಿ, ಸೇವಾ ನಿಧಿ ಬಂದ ಕೂಡಲೇ ಮನೆ ಕಟ್ಟಲು ಸುರಿಯದಿರಲಿ. ದೇಶದ ಕಾವಲು ಕಾಯ್ದವನಿಗೆ ಮುಂದಿನ ದಾರಿಯನ್ನು ಖಚಿತಪಡಿಸುವುದೂ ರಕ್ಷಣಾ ವೆಚ್ಚದ ಭಾಗವೇ ಎಂದು ನಾನು ನಂಬಿದ್ದೇನೆ, ಆ ವೆಚ್ಚವನ್ನು ಕಡಿತ ಮಾಡಬಾರದು.

ಸದಸ್ಯರು, ಭಾಲ್ಕಿ: ಒಟ್ಟಿನಲ್ಲಿ ಶೇ. ಎಷ್ಟಿರಬೇಕು ಸರ್?

ಉತ್ತರ: ಮೊದಲ ಉತ್ತರವನ್ನು ಓದಿ.

ಸದಸ್ಯರು, ಚಿಂಚೋಳಿ: (ಇನ್ನೊಂದು ಸಂದೇಶ) "ಸಂಸದರ ಪಿಂಚಣಿ ರದ್ದು ಮಾಡಿದರೆ ಇಡೀ ಸೇನೆಗೆ ಸಾಕು."

ಉತ್ತರ: ಸಾಕಾಗುವುದಿಲ್ಲ, ಸಮೀಪಕ್ಕೂ ಬರುವುದಿಲ್ಲ. ಬಂದದ್ದನ್ನೆಲ್ಲ ಇಲ್ಲಿ ಸುರಿಯುವ ಮೊದಲು ಒಮ್ಮೆ ಗುಣಿಸಿ ನೋಡಿ. ಇಂಥ ಸಂದೇಶಗಳಿಗೆ ಇನ್ನು ಉತ್ತರಿಸುವುದಿಲ್ಲ.

ಸದಸ್ಯರು, ಚಿಂಚೋಳಿ: ಕೇಳಿದ್ದೇ ತಪ್ಪಾಯಿತೇ?

ಸದಸ್ಯರು, ಶಹಾಪುರ: ಬೀದರ್ ವಾಯುನೆಲೆಯಿಂದ ನಮ್ಮ ಭಾಗದವರಿಗೆ ಎಷ್ಟು ಉದ್ಯೋಗ ಸಿಕ್ಕಿದೆ?

ವಿದ್ಯಾರ್ಥಿ, ಸೇಡಂ: ಸರ್, ಶೇಕಡಾವಾರು ಬೇಡವೆಂದರೆ ನಾನು ಏನನ್ನು ಕೇಳಬೇಕು?

ಉತ್ತರ: ಕೊಟ್ಟ ಹಣ ಏನಾಯಿತು ಎಂದು ಕೇಳು. 2024-25ರಲ್ಲಿ ಬಂಡವಾಳ ವೆಚ್ಚಕ್ಕೆ 1.72 ಲಕ್ಷ ಕೋಟಿ ಇಟ್ಟು, ಪರಿಷ್ಕೃತ ಅಂದಾಜಿನಲ್ಲಿ ಅದನ್ನು 1.595 ಲಕ್ಷ ಕೋಟಿಗೆ ಇಳಿಸಿದರು. ಮಾರ್ಚ್ 31ರೊಳಗೆ ಖರ್ಚಾಗದ ಹಣ ವಾಪಸಾಗುತ್ತದೆ. ಅದಕ್ಕಾಗಿಯೇ 15ನೆಯ ಹಣಕಾಸು ಆಯೋಗ ವರ್ಷಾಂತ್ಯಕ್ಕೆ ರದ್ದಾಗದ ಆಧುನೀಕರಣ ನಿಧಿಯನ್ನು ಶಿಫಾರಸು ಮಾಡಿತ್ತು. 2021ರಲ್ಲಿ 83 ತೇಜಸ್ ಮಾರ್ಕ್-1ಎ ಯುದ್ಧವಿಮಾನಗಳಿಗೆ ಒಪ್ಪಂದವಾಯಿತು, ಹಣವೂ ಇತ್ತು, ಆದರೆ ಅಮೆರಿಕದಿಂದ ಬರಬೇಕಾದ ಎಂಜಿನ್ ತಡವಾಗಿ, 2024ರ ಮಾರ್ಚ್‌ನಲ್ಲಿ ಆರಂಭವಾಗಬೇಕಿದ್ದ ಪೂರೈಕೆ ಹಿಂದೆ ಬಿತ್ತು. ಇತ್ತ 2025ರ ಸೆಪ್ಟೆಂಬರ್‌ನಲ್ಲಿ ಮಿಗ್-21 ನಿವೃತ್ತವಾದ ಮೇಲೆ, 42 ಯುದ್ಧವಿಮಾನ ದಳಗಳಿರಬೇಕಾದ ವಾಯುಪಡೆಯಲ್ಲಿ ಉಳಿದದ್ದು 29. ಇಲ್ಲಿ ಶೇ. 3 ಕೊಟ್ಟಿದ್ದರೂ ಎಂಜಿನ್ ಬೇಗ ಬರುತ್ತಿರಲಿಲ್ಲ.

ನಮ್ಮ ಬೀದರಿನ ಮಹಮೂದ್ ಗವಾನ್, ಬಹಮನಿ ಸುಲ್ತಾನರ ಮಂತ್ರಿ, ಸರದಾರರು ನಿಗದಿಯಾದಷ್ಟು ಸೈನಿಕರನ್ನು ಇಡದಿದ್ದರೆ ಅಷ್ಟಕ್ಕೆ ಹಣ ಮುರಿದುಕೊಳ್ಳುವ ಕ್ರಮವನ್ನು ಹದಿನೈದನೆಯ ಶತಮಾನದಲ್ಲಿಯೇ ತಂದಿದ್ದ. ಇಂದು ಆ ಕೆಲಸ ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯದು ಮತ್ತು ಮಹಾಲೇಖಪಾಲರದು. ಬಜೆಟ್‌ನ ನಾಲ್ಕು ರಕ್ಷಣಾ ಅನುದಾನ ಬೇಡಿಕೆಗಳನ್ನು, ಅಂದರೆ ನಾಗರಿಕ, ರಾಜಸ್ವ (ಸಂಬಳ ಮತ್ತು ದಿನನಿತ್ಯದ ಖರ್ಚು), ಬಂಡವಾಳ, ಪಿಂಚಣಿ, ಇವನ್ನು ಬಿಡಿಬಿಡಿಯಾಗಿ ಓದು.

ಸದಸ್ಯರು, ಹುಮನಾಬಾದ್: ಅಂದರೆ ನೀವು ಹೆಚ್ಚಿಸುವುದರ ವಿರುದ್ಧವೇ?

ಉತ್ತರ: ಅಲ್ಲ. ಬಂಡವಾಳದ ಪಾಲು ಹೆಚ್ಚಬೇಕು, ಸಂಶೋಧನೆಯ ಪಾಲೂ ಹೆಚ್ಚಬೇಕು, ಅದನ್ನು ಖರ್ಚು ಮಾಡುವ ಸಾಮರ್ಥ್ಯ ಮೊದಲು ಬರಬೇಕು. ಇದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ.

ಸದಸ್ಯರು, ಕಮಲಾಪುರ: ತಡವಾಗಿ ನೋಡಿದೆ. ಜಿಡಿಪಿಯ ಶೇ. ಎಷ್ಟಿರಬೇಕು ಸರ್?

ರೈತರು, ಯಾದಗಿರಿ: ಮೇಲೆ ಓದಿ, ಅಣ್ಣಾ.