ಡೆಂಗಿ ವಾಸಿಯಾಗಿ ಎರಡೂವರೆ ತಿಂಗಳಾಯಿತು, ತೋಟದ ಏರು ಹತ್ತಲು ಇನ್ನೂ ಆಗುತ್ತಿಲ್ಲ

ತೋಟದ_ರೈಟರ್:
ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ, ಕೊಡಗಿನ ಸುಂಟಿಕೊಪ್ಪ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಆಳುಗಳ ಲೆಕ್ಕ ಬರೆಯುವವನು. ಜುಲೈನ ಜಡಿಮಳೆಯಲ್ಲಿ ಡೆಂಗಿ ಬಂತು. ಪ್ಲೇಟ್‌ಲೆಟ್ 32 ಸಾವಿರಕ್ಕೆ ಇಳಿದು ಆರು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿದ್ದೆ. ಮನೆಗೆ ಕಳುಹಿಸುವಾಗ 1 ಲಕ್ಷ 10 ಸಾವಿರ ಇತ್ತು. ಒಂದು ವಾರ ರೆಸ್ಟ್ ಮಾಡಿ, ಆಮೇಲೆ ಕೆಲಸಕ್ಕೆ ಹೋಗಿ ಎಂದರು. ಈಗ ಅಕ್ಟೋಬರ್, ಕಾವೇರಿ ಸಂಕ್ರಮಣ ಹತ್ತಿರ ಬಂತು, ನಾನು ಹಾಗೇ ಇದ್ದೇನೆ.

ಮೇಲಿನ ಬ್ಲಾಕಿಗೆ ಹತ್ತುವಾಗ ಎರಡು ಸಲ ಸಿಲ್ವರ್ ಮರಕ್ಕೆ ಒರಗಿ ನಿಲ್ಲಬೇಕು. ಒಂದು ದಿನ ಹಠ ಹಿಡಿದು ಪೂರ್ತಿ ಸುತ್ತಿದರೆ ಮುಂದಿನ ಎರಡು ದಿನ ಹಾಸಿಗೆಯೇ ಗತಿ. ಬೆಳಗ್ಗೆ ಬೆರಳಿನ ಗಿಣ್ಣುಗಳು ಹಿಡಿದುಕೊಂಡಿರುತ್ತವೆ. ತಲೆ ಬಾಚಿದರೆ ಹಿಡಿ ಕೂದಲು. ಇದೆಲ್ಲಕ್ಕಿಂತ ಹೆದರಿಕೆಯಾದದ್ದು ಮೊನ್ನೆ ಚೆಕ್‌ರೋಲ್ (ಆಳುಗಳ ಹಾಜರಿ, ಕೂಲಿಯ ಪುಸ್ತಕ) ಬರೆಯುವಾಗ. 38 ಆಳಿನ ವಾರದ ಲೆಕ್ಕ, ಮೂರು ಸಲ ಕೂಡಿದೆ, ಮೂರು ಸಲವೂ ಬೇರೆ ಬೇರೆ ಬಂತು. ಹದಿನೆಂಟು ವರ್ಷದಿಂದ ಇದೇ ಪುಸ್ತಕ ಬರೆಯುತ್ತಿರುವವನು ನಾನು. ಕೊನೆಗೆ ಮಗಳು ಕೂಡಿ ಕೊಟ್ಟಳು.

ಆಸ್ಪತ್ರೆಗೆ ಮತ್ತೆ ಹೋದರೆ ಪ್ಲೇಟ್‌ಲೆಟ್ ಮಾತ್ರ ನೋಡಿ, 2 ಲಕ್ಷ ಇದೆ, ಏನೂ ಇಲ್ಲ, ಸುಮ್ನೆ ಯೋಚನೆ ಮಾಡಬೇಡಿ ಎಂದು ಕಳುಹಿಸಿದರು. ಇನ್ನೇನು ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಯಾರಿಗಾದರೂ ಹೀಗೆ ಆಗಿತ್ತಾ? ಎಷ್ಟು ದಿನ ಇತ್ತು?

ಬಾಳೆಲೆ_ಅಕ್ಕ:
ಆಗಿತ್ತು ಅಣ್ಣ, ಅಕ್ಷರಶಃ ಹೀಗೇ. 2024ರಲ್ಲಿ, ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತಲ್ಲ, ಆ ವರ್ಷ. ಸೆಪ್ಟೆಂಬರ್‌ನ ಕೈಲ್ ಪೊಳ್ದ್ ಹಬ್ಬದ ಹೊತ್ತಿಗೆ ಕೂದಲು ಉದುರಲು ಶುರುವಾಗಿದ್ದು ಡಿಸೆಂಬರ್‌ನ ಹುತ್ತರಿ ಹಬ್ಬದವರೆಗೂ ನಿಲ್ಲಲಿಲ್ಲ. ಬಚ್ಚಲಿನ ಜಾಲರಿಯಿಂದ ದಿನಾ ಒಂದು ಉಂಡೆ ತೆಗೆಯುತ್ತಿದ್ದೆ. ಎಣ್ಣೆ, ಶಾಂಪೂ ಎಂದು ದುಡ್ಡು ಸುರಿದದ್ದೇ ಬಂತು. ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಿಗೆ ಹೀಗೆ ಉದುರುವುದು ಸಾಮಾನ್ಯ, ಬುಡ ಸತ್ತಿರುವುದಿಲ್ಲ, ತಾನಾಗಿ ಬರುತ್ತದೆ ಎಂದು ಚರ್ಮದ ಡಾಕ್ಟರ್ ಹೇಳಿದರು. ಬಂತು ಕೂಡ, ಮುಂದೆ ಹಣೆ ಮೇಲೆ ಚಿಕ್ಕ ಚಿಕ್ಕದಾಗಿ ಮುಳ್ಳುಹಂದಿ ಥರ ನಿಂತಿತ್ತು. ಸುಸ್ತು ಮಾತ್ರ ನಾಲ್ಕು ತಿಂಗಳು ಎಳೆಯಿತು.

ಕಾಡುಬಸಳೆ:
ಕಕ್ಕಡದಲ್ಲಿ (ಆಟಿ ತಿಂಗಳು) ನಮ್ಮ ಕೊಡಗಿನವರು ಔಷಧಿ ಎಂದು ಕುದಿಸಿ ಕುಡಿಯುವ ಮದ್ದು ಸೊಪ್ಪು ಕುಡಿಯಲಿಲ್ವಾ? ನಮ್ಮಜ್ಜ ವರ್ಷಕ್ಕೆ ಒಂದು ಸಲ ಅದರ ಪಾಯಸ ಕುಡಿದು 90 ದಾಟಿದರು. ಈಗಿನವರಿಗೆ ಎಲ್ಲದಕ್ಕೂ ಟೆಸ್ಟ್ ಬೇಕು.

ತೋಟದ_ರೈಟರ್:
ಕುಡಿದೆ ಮಾರಾಯ್ರೇ! ಆಸ್ಪತ್ರೆಯಿಂದ ಬಂದು ಹತ್ತು ದಿನವೂ ಆಗಿರಲಿಲ್ಲ. ಮಾರನೇ ದಿನ ಮೂತ್ರ ಕೆಂಪಗೆ ಹೋಯಿತು. ಮದ್ದು ಸೊಪ್ಪಿಂದ ಹಾಗಾಗುತ್ತದೆ ಎಂದು ಚಿಕ್ಕಂದಿನಿಂದ ಗೊತ್ತು, ಆದರೂ ಡೆಂಗಿ ವಾರ್ಡಲ್ಲಿ ಮಲಗಿ ಎದ್ದವನಿಗೆ ರಕ್ತ ಅಂತಲೇ ಅನ್ನಿಸಿ ಜೀವ ಬಾಯಿಗೆ ಬಂದಿತ್ತು.

ಸಿಸ್ಟರ್_ಮಡಿಕೇರಿ:
ನಾನು ನರ್ಸ್, ಡಾಕ್ಟರ್ ಅಲ್ಲ. ವಾರ್ಡಲ್ಲಿ ನೋಡಿದ್ದನ್ನು ಹೇಳುತ್ತೇನೆ. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ದಾಟಿದರೆ ರಕ್ತಸ್ರಾವದ ಭಯ ಹೋಯಿತು ಎಂದು ಅರ್ಥ, ಅಷ್ಟೇ. ಮೈಗೆ ಮೊದಲಿನ ಶಕ್ತಿ ಬಂತು ಎಂದಲ್ಲ. ಡೆಂಗಿ ಆದ ಮೇಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸುಸ್ತು, ಮೈಕೈ ನೋವು, ಮರೆವು ಇರುತ್ತದೆ. ಅದು ನಿಮ್ಮ ಕಲ್ಪನೆ ಅಲ್ಲ.

ಆದರೆ ಎಲ್ಲವನ್ನೂ ಡೆಂಗಿ ತಲೆಗೆ ಕಟ್ಟಬೇಡಿ. 44 ವರ್ಷ ಎನ್ನುತ್ತೀರಿ, ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್, ಬಿ12 ನೋಡಿಸಿ. ಏರು ಹತ್ತುವಾಗ ನಿಲ್ಲಬೇಕು ಎಂದಿರಲ್ಲ, ಒಂದು ಇಸಿಜಿ ಕೂಡ ಮಾಡಿಸಿ. ಡೆಂಗಿ ಕೆಲವೊಮ್ಮೆ ಹೃದಯದ ಮಾಂಸಖಂಡವನ್ನೂ ಮುಟ್ಟುತ್ತದೆ. ಗಿಣ್ಣು ನೋವು ಜಾಸ್ತಿ ಇದ್ದರೆ ಚಿಕುನ್‌ಗುನ್ಯಾ ಟೆಸ್ಟ್ ಆಗಿತ್ತಾ ಎಂದು ಹಳೇ ರಿಪೋರ್ಟ್ ನೋಡಿ. ಎರಡನ್ನೂ ತರುವುದು ಒಂದೇ ಸೊಳ್ಳೆ, ಕೆಲವರಿಗೆ ಎರಡೂ ಒಟ್ಟಿಗೆ ಬರುತ್ತವೆ. ಮೆಡಿಕಲ್‌ನಿಂದ ನೋವಿನ ಮಾತ್ರೆ ತಂದು ನುಂಗುತ್ತಾ ಇರಬೇಡಿ. ಎದೆ ನೋವು, ಕುಳಿತಲ್ಲೇ ಉಸಿರು ಕಟ್ಟುವುದು, ಕಾಲು ಊತ, ಮತ್ತೆ ಜ್ವರ, ಇವು ಕಂಡರೆ ಮಾತ್ರ ನಾಳೆ ಎನ್ನದೆ ಹೋಗಿ.

ವಿರಾಜಪೇಟೆ_ಪೆಪ್ಪರ್:
ನನ್ನದು ಡೆಂಗಿ ಅಲ್ಲ, ಕೊರೊನಾ. 2021ರ ಮೇ, ಒಂಬತ್ತು ದಿನ ಆಕ್ಸಿಜನ್. ಆದರೆ ನೀವು ಬರೆದದ್ದು ಓದಿದರೆ ನನ್ನದೇ ಕಥೆ, ಅದರಲ್ಲೂ ಒಂದು ದಿನ ಓಡಾಡಿದರೆ ಎರಡು ದಿನ ಮಲಗುವುದು. ನಾನು ಮಾಡಿದ ತಪ್ಪು ಹೇಳುತ್ತೇನೆ. ಜೂನ್‌ನಲ್ಲೇ ಗೊಬ್ಬರ ಹಾಕಿಸಲು ನಿಂತೆ. ಆಳುಗಳು ಏನಂದುಕೊಳ್ಳುತ್ತಾರೋ ಎಂದು ಬೆಳಗ್ಗೆ ಎಂಟರಿಂದ ಸಂಜೆವರೆಗೆ ಏರು ಇಳಿಜಾರು ಸುತ್ತಿದೆ. ಮೂರನೇ ದಿನ ಬಿದ್ದವನು ಆಗಸ್ಟ್‌ವರೆಗೆ ಏಳಲಿಲ್ಲ.

ಆಮೇಲೆ ಮೈಸೂರಿನ ಡಾಕ್ಟರ್ ಒಬ್ಬರು ಹೇಳಿದ್ದು ಇಷ್ಟೇ: ಸುಸ್ತಾದ ಮೇಲೆ ನಿಲ್ಲಬೇಡ, ಸುಸ್ತಾಗುವ ಮೊದಲೇ ನಿಲ್ಲು. ಜೀಪಲ್ಲಿ ಮೇಲಕ್ಕೆ ಹೋಗುತ್ತಿದ್ದೆ, ಇಳಿಯುವುದು ಮಾತ್ರ ನಡಿಗೆ. ಕಣದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇಟ್ಟುಕೊಂಡಿದ್ದೆ. ಲೆಕ್ಕದ ಕೆಲಸ ಬೆಳಗ್ಗೆಯೇ, ತಲೆ ಚುರುಕಾಗಿರುವಾಗ. ಒಂದು ವಾರ ಸಲೀಸಾಗಿ ಹೋದರೆ ಮಾತ್ರ ಇನ್ನೊಂದು ಸ್ವಲ್ಪ ಜಾಸ್ತಿ. ಸರಿಹೋಗಲು ಒಂದು ವರ್ಷ ಹಿಡಿಯಿತು, ಸುಳ್ಳು ಹೇಳುವುದಿಲ್ಲ. ಡೆಂಗಿಗೆ ಅಷ್ಟು ಬೇಕಾಗಲಿಕ್ಕಿಲ್ಲ.

ಬಾಳೆಲೆ_ಅಕ್ಕ:
ಇನ್ನೊಂದು ಅಣ್ಣ, ಡೆಂಗಿ ವೈರಸ್‌ನಲ್ಲಿ ನಾಲ್ಕು ಬಗೆ ಇದೆ. ಒಂದು ಬಂದು ಹೋಯಿತು ಎಂದರೆ ಉಳಿದ ಮೂರು ಬರುವುದಿಲ್ಲ ಎಂದಲ್ಲ, ಎರಡನೇ ಸಲದ್ದು ಜೋರಾಗುವ ಭಯ ಜಾಸ್ತಿ. ನಮ್ಮ ಮನೆ ಹಿಂದೆ ಬಿದ್ದಿದ್ದ ಅಡಿಕೆ ಹಾಳೆಯಲ್ಲಿ ಒಂದು ಲೋಟದಷ್ಟು ನೀರು, ಅದರಲ್ಲೇ ಸೊಳ್ಳೆ ಮರಿಗಳು ಕುಣಿಯುತ್ತಿದ್ದವು. ಆಳುಗಳು ಇರುವ ಲೈನ್ ಮನೆಗಳ ಸುತ್ತ ಒಂದು ಸಲ ನೋಡಿ.

ತೋಟದ_ರೈಟರ್:
ಟೆಸ್ಟ್ ಮಾಡಿಸಿ ಬಂದೆ. ಇಸಿಜಿ, ಹಿಮೋಗ್ಲೋಬಿನ್, ಥೈರಾಯ್ಡ್ ಸರಿ ಇವೆ. ಖಾಲಿ ಹೊಟ್ಟೆಯ ಶುಗರ್ 148! ನನಗೆ ಶುಗರ್ ಇದೆ ಎಂದು ಇವತ್ತಿನವರೆಗೆ ಗೊತ್ತೇ ಇರಲಿಲ್ಲ. ಮೂರು ತಿಂಗಳ ಸರಾಸರಿ ಟೆಸ್ಟ್‌ಗೆ ಬರೆದಿದ್ದಾರೆ. ಸಿಸ್ಟರ್, ನಿಮಗೆ ದೊಡ್ಡ ನಮಸ್ಕಾರ. ಸುಸ್ತಲ್ಲಿ ಡೆಂಗಿಯದ್ದು ಎಷ್ಟು, ಶುಗರ್‌ದು ಎಷ್ಟು ಎಂದು ಈಗಲೇ ಹೇಳಲು ಆಗುವುದಿಲ್ಲ, ತಿಂಗಳು ಬಿಟ್ಟು ಬನ್ನಿ ಎಂದರು.

ಲೈನ್ ಹಿಂದೆ ಹೋಗಿ ನೋಡಿದೆ ಅಕ್ಕ. ಹಾಳೆ ಇರಲಿಲ್ಲ, ಎರಡು ಹಳೇ ಟಯರ್ ಇತ್ತು, ತುಂಬಾ ಮರಿ. ಚೆಲ್ಲಿಸಿದೆ.

ವಿರಾಜಪೇಟೆಯವರು ಹೇಳಿದ ಹಾಗೆ ಸಾಹುಕಾರರ ಹತ್ತಿರ ಜೀಪೂ ಕೇಳಿದೆ. ಧಾರಾಳವಾಗಿ ತಗೊಳ್ಳಿ ಎಂದರು. ಡೀಸೆಲ್ ನಿಮ್ಮದೇ ಎಂದು ಆಮೇಲೆ ಸೇರಿಸಿದರು.