ಅಪ್‌ಡೇಟ್: ಶರತ್ಕಾಲದ ಗುಂಪು ಚಾರಣ ಮುಗಿಸಿ ಬಂದೆವು

ನಡಿಗೆಯ ವೇಗ ಒಬ್ಬೊಬ್ಬರದು ಒಂದೊಂದು ರೀತಿ ಇರುವ ಹನ್ನೊಂದು ಮಂದಿ ಹವ್ಯಾಸಿಗಳು ಶರತ್ಕಾಲದಲ್ಲಿ ಪರ್ವತ ಚಾರಣಕ್ಕೆ ಹೊರಟರೆ ಸಮಯವನ್ನು ಹೇಗೆ ಅಂದಾಜಿಸಬೇಕೆಂದು ಕೇಳಿದ್ದೆ. ಕಳೆದ ಭಾನುವಾರ ಹೋಗಿ ಸುರಕ್ಷಿತವಾಗಿ ಮರಳಿದ್ದೇವೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು.

ನೀವು ಸೂಚಿಸಿದ್ದ, ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ರೂಪಿಸಿದ ಸೂತ್ರದಂತೆ, ಪ್ರತಿ 5 ಕಿ.ಮೀ.ಗೆ ಒಂದು ಗಂಟೆ ಹಾಗೂ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ ಎಂದು ಲೆಕ್ಕ ಹಾಕಿದಾಗ, 12 ಕಿ.ಮೀ. ದೂರದ, 900 ಮೀಟರ್ ಏರಿಕೆಯ ನಮ್ಮ ದಾರಿಗೆ ಸುಮಾರು 4 ಗಂಟೆ ಬಂದಿತ್ತು. ವಾಸ್ತವದಲ್ಲಿ ಆರೂವರೆ ಗಂಟೆ ಹಿಡಿಯಿತು, ಏಕೆಂದರೆ ಆ ಸೂತ್ರ ವಿಶ್ರಾಂತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲದೆ, ಉದುರಿದ ಒದ್ದೆ ಎಲೆಗಳು ಕಲ್ಲುಬೇರುಗಳನ್ನು ಮುಚ್ಚಿದ್ದರಿಂದ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟವಾಯಿತು. ನಿಧಾನವಾಗಿ ನಡೆಯುವವರನ್ನು ಮುಂದೆ ಬಿಟ್ಟು, ಅನುಭವಿಯೊಬ್ಬರನ್ನು ಕೊನೆಯಲ್ಲಿ ಇರಿಸಿದ್ದು ನಾವು ಮಾಡಿದ ಅತ್ಯುತ್ತಮ ಕೆಲಸವೆಂದು ನನಗನ್ನಿಸುತ್ತದೆ. ಯಾರೂ ಒಂಟಿಯಾಗಿ ಹಿಂದುಳಿಯಲಿಲ್ಲ.

ಎತ್ತರ 1000 ಮೀಟರ್ ಹೆಚ್ಚಿದಂತೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆಂಬ ಮಾತು ಶಿಖರದಲ್ಲಿ ಅನುಭವಕ್ಕೆ ಬಂತು. ಬೆವರಿನಿಂದ ತೊಯ್ದ ಹತ್ತಿಯ ಅಂಗಿ ತೊಟ್ಟಿದ್ದ ಇಬ್ಬರು ನಡುಗತೊಡಗಿದಾಗ, ಹೆಚ್ಚುವರಿಯಾಗಿ ಒಯ್ದಿದ್ದ ಉಣ್ಣೆಯ ಉಡುಪುಗಳೇ ನೆರವಾದವು. ಕೊನೆಯ ಅರ್ಧ ಗಂಟೆಯನ್ನು ತಲೆದೀಪದ ಬೆಳಕಿನಲ್ಲೇ ನಡೆದೆವು. ಮುಂದಿನ ಬಾರಿ ಒಂದೂವರೆ ಗಂಟೆ ಮೊದಲೇ ಹೊರಡಲು ನಿರ್ಧರಿಸಿದ್ದೇವೆ.