ಸಹಾಯ ಬೇಕು: ಹಳೇ ಸಾಲ ಇರುವಾಗ ಬಾಡಿಗೆ ಮನೆಗೆ ಲೋನ್, ಯಾವುದು ಮೊದಲು?

ಎಲ್ಲರಿಗೂ ನಮಸ್ಕಾರ. ಬಾಡಿಗೆಗೆ ಕೊಡಲೆಂದು ಮೊದಲ ಮನೆ ಕೊಳ್ಳುವ ಯೋಚನೆ. ಲೆಕ್ಕ ಸುಲಭವಾಗಲೆಂದು ತಿಂಗಳ ಆದಾಯ 100 ಎಂದಿಟ್ಟುಕೊಳ್ಳಿ.

ಈಗಿನ ಕಂತು: ಕಾರಿಗೆ 14, ಪರ್ಸನಲ್ ಲೋನಿಗೆ 18 (ಬಾಕಿ ಸುಮಾರು 250). ಮನೆ ಬೆಲೆ 3200. ಡೌನ್ ಪೇಮೆಂಟಿಗೆ ತೆಗೆದಿಟ್ಟಿದ್ದು 800. ನೋಂದಣಿ ಖರ್ಚು, ಆರು ತಿಂಗಳ ತುರ್ತು ಹಣ ಬೇರೆ ಇದೆ, ಅದನ್ನು ಮುಟ್ಟುವುದಿಲ್ಲ.

800 ಪೂರ್ತಿ ಕಟ್ಟಿದರೆ ಸಾಲ 2400, ಶೇ 9ರ ಬಡ್ಡಿಗೆ 20 ವರ್ಷದ ಕಂತು ಸುಮಾರು 22. ಒಟ್ಟು ಕಂತು 54. ಬಾಡಿಗೆ 12 ಬಂದರೂ ಖಾಲಿ ಬೀಳುವ ತಿಂಗಳು, ರಿಪೇರಿ, ತೆರಿಗೆ ಕಳೆದು 9 ಮಾತ್ರ ಹಿಡಿದಿದ್ದೇನೆ. ಸಾಲ ಕೊಡುವವರೂ ಸಾಮಾನ್ಯವಾಗಿ ಪೂರ್ತಿ ಬಾಡಿಗೆಯನ್ನು ಆದಾಯವೆಂದು ಒಪ್ಪುವುದಿಲ್ಲ. ಅಲ್ಲಿಗೆ 109ಕ್ಕೆ 54, ಹತ್ತಿರ ಹತ್ತಿರ ಅರ್ಧ. ಆದಾಯದ ಇಷ್ಟು ಪಾಲು ಕಂತಿಗೇ ಹೋದರೆ ಅರ್ಜಿ ಬಿದ್ದುಹೋಗಬಹುದು.

ಬದಲಿಗೆ 250 ಕೊಟ್ಟು ಪರ್ಸನಲ್ ಲೋನ್ ಮುಗಿಸಿದರೆ ಡೌನ್ ಪೇಮೆಂಟಿಗೆ 550 ಉಳಿಯುತ್ತದೆ, ಬೆಲೆಯ ಶೇ 17. ಸಾಲ 2650, ಕಂತು 24. ಒಟ್ಟು 38, ಅಂದರೆ ಶೇ 35. ಬಾಡಿಗೆ ಕಳೆದು ಕೈಯಿಂದ ಹಾಕಬೇಕಾದದ್ದು 15. ಪರ್ಸನಲ್ ಲೋನ್ ಕಂತು ನಿಂತು ಉಳಿಯುವ 18 ಅದನ್ನು ಭರಿಸುತ್ತದೆ. ನನಗೆ ಇದೇ ಸರಿ ಅನ್ನಿಸುತ್ತದೆ.

ಗೊತ್ತಿದ್ದವರು ದಯವಿಟ್ಟು ಹೇಳಿ: ಸ್ವಂತ ವಾಸಕ್ಕಲ್ಲದ ಮನೆಗೆ ಶೇ 17 ಡೌನ್ ಪೇಮೆಂಟ್ ಒಪ್ಪಿಸಿಕೊಂಡವರು ಇದ್ದೀರಾ? ಅದಕ್ಕೆ ಬಡ್ಡಿ ಎಷ್ಟು ಏರಿತು? ಅವಧಿಗೆ ಮೊದಲೇ ತೀರಿಸಿದ ಸಾಲ ಕ್ರೆಡಿಟ್ ವರದಿಯಲ್ಲಿ ಮುಚ್ಚಿದೆ ಎಂದು ಬರುವವರೆಗೆ ಕಾಯಬೇಕೇ, ಅಥವಾ ಬಾಕಿ ಇಲ್ಲವೆಂಬ ಪತ್ರ ತೋರಿಸಿದರೆ ಸಾಕೇ? ಡೌನ್ ಪೇಮೆಂಟಿಗೇ ಇನ್ನೊಂದು ಸಾಲ ತೆಗೆಯುವ ಸಲಹೆ ಬೇಡ, ಆ ಕಂತೂ ಇದೇ ಲೆಕ್ಕಕ್ಕೆ ಸೇರುತ್ತದೆ.